ದೀಪ ಆರಿಸುವ ಮಾತು

ಹಳ್ಳಿಖೇಡ (ಬಿ) ಊರಿನ ಅಂಚಿಗೆ, ಕಬ್ಬಿನ ಹೊಲಕ್ಕೆ ಬೆನ್ನು ಕೊಟ್ಟು ನಿಂತ ಮನೆ ನಮ್ಮದು. ಮುಂದೆ ತುಳಸಿ ಕಟ್ಟೆ, ಅದರ ಪಕ್ಕಕ್ಕೆ ಒಂದು ಪಾರಿಜಾತ, ಗೇಟಿನಿಂದ ಬಾಗಿಲತನಕ ಫರಸಿ ಹಾಸಿದ ದಾರಿ, ಹಿಂದೆ ಅಜ್ಜನ ಕಾಲದ ಬೇವಿನ ಗಿಡ. ಸೇವಂತಿಗೆಯ ಎರಡು ಮಡಿ, ಒಂದಿಷ್ಟು ಹುಲ್ಲುಹಾಸು ಸೇರಿದ ಮೇಲೆ ಅದಕ್ಕೆ ಬಗೀಚೆಯ ಕಳೆ ಬಂತು. ಕಳೆ ಬಂದ ಮೇಲೆ ದೀಪದ ಮಾತು ಬಂತು. ಅಲ್ಲಿಂದ ಮನೆಯಲ್ಲಿ ಎರಡು ಪಕ್ಷ.

ವೈನಿ ಕಾಗದದ ಮೇಲೆ ಗುರುತು ಹಾಕಿಟ್ಟಿದ್ದರು: ದಾರಿಯ ಎರಡೂ ಬದಿಗೆ ಹನ್ನೆರಡು ಕಂಬದೀಪ, ಬೇವಿನ ಗಿಡಕ್ಕೆ ಒಂದು ಫೋಕಸ್ ಲೈಟು, ಕಾಂಪೌಂಡಿನ ಉದ್ದಕ್ಕೂ ಸೀರಿಯಲ್ ಸೆಟ್ಟು. ಕಾಕಾ ಅದನ್ನು ನೋಡಿ, “ಇಷ್ಟ್ಯಾಕ ಬೆಳಕವ್ವಾ? ಗಿಡಕ್ಕೂ ನಿದ್ದಿ ಬೇಕಲ್ಲ?” ಎಂದರು. “ಕತ್ತಲದಾಗ ಹುಳ ಬಂದ್ರ ಯಾರಿಗ್ ಕಾಣಸ್ತದ್ರಿ ಕಾಕಾ? ಕೂಸು ಇಲ್ಲೇ ಆಡ್ತದ,” ಎಂದರು ವೈನಿ. ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ ‘ಹುಳ’ ಎನ್ನುವ ರೂಢಿಯಲ್ಲೇ ಆ ಭಯ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ಇಬ್ಬರ ಮಾತಿನಲ್ಲೂ ತೂಕವಿತ್ತು. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ, ನಾಲ್ಕು ಗಿಡ ಹಚ್ಚಿದ ಎಲ್ಲರೂ ಇಂದಲ್ಲ ನಾಳೆ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಬಗೀಚೆಗೆ ಎಂಥ ದೀಪ, ಎಷ್ಟು ದೀಪ? ಹಾಗಾಗಿ ಎರಡೂ ಪಕ್ಷವನ್ನು ತಕ್ಕಡಿಯಲ್ಲಿಟ್ಟು ನೋಡುವುದು ಒಳ್ಳೆಯದು.

ಬೆಳಕಿನ ಪರ

ಮೊದಲ ಮಾತು ಜೀವದ್ದು. ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಕಬ್ಬಿನ ಹೊಲದಲ್ಲಿ ಇಲಿ, ಇಲಿಯ ಹಿಂದೆ ಹಾವು. ಕಟ್ಟುಹಾವು ರಾತ್ರಿಯೇ ಸಂಚರಿಸುತ್ತದೆ. ಕೊಳಕುಮಂಡಲ ಒಣಗಿದ ಎಲೆಯ ಬಣ್ಣಕ್ಕೆ ಬೆರೆತು ಮಲಗಿರುತ್ತದೆ. ಹೊಲದ ಪಕ್ಕದ ಮನೆಯಲ್ಲಿ ಕಾಲಿಡುವ ಜಾಗ ಕಾಣಬೇಕು ಎನ್ನುವುದನ್ನು ಶೋಕಿ ಎಂದು ಯಾರೂ ತಳ್ಳಿಹಾಕಲಾರರು.

ಎರಡನೆಯದು ವಯಸ್ಸು. ಅರವತ್ತು ದಾಟಿದ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಎಷ್ಟೋ ಹೆಚ್ಚು ಬೆಳಕು ಬೇಕು. ಒಂದು ಮೆಟ್ಟಿಲು ತಪ್ಪಿದರೆ ಸೊಂಟದ ಎಲುಬು ಹೋದೀತು.

ಮೂರನೆಯದು ನಮ್ಮ ಹವೆ. ಏಪ್ರಿಲ್, ಮೇ ತಿಂಗಳಲ್ಲಿ ಬೀದರ್ ಸೀಮೆಯ ಹಗಲು ಬಗೀಚೆಯಲ್ಲಿ ಕೂಡಲು ಬಿಡುವುದಿಲ್ಲ. ಕುರ್ಚಿ ಹೊರಗೆ ಬರುವುದು ಹೊತ್ತು ಮುಳುಗಿದ ಮೇಲೆಯೇ. ಬೆಳಿಗ್ಗೆ ಬೇಗ ಎದ್ದು ಹುಮನಾಬಾದಿಗೋ ಬೀದರಿಗೋ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಮರಳುವವರಿಗೆ ತಾವೇ ನೀರೆರೆದು ಬೆಳೆಸಿದ ಗಿಡ ಹಗಲಲ್ಲಿ ಕಾಣುವುದು ರವಿವಾರವಷ್ಟೇ. ಅವರ ಪಾಲಿಗೆ ರಾತ್ರಿಯ ದೀಪವೇ ಬಗೀಚೆಯ ಬಾಗಿಲು.

ನಾಲ್ಕನೆಯದು ಸಂಭ್ರಮ. ಬೆಳಕಿನಿಂದ ಸಿಂಗರಿಸುವುದು ನಮಗೆ ಹೊರಗಿನಿಂದ ಬಂದ ಹುಚ್ಚಲ್ಲ. ಗುಡಿಯ ಮುಂದೆ ದೀಪಸ್ತಂಭ ನಿಲ್ಲಿಸಿದವರು, ಕಾರ್ತಿಕದಲ್ಲಿ ಸಾಲು ಪಣತಿ ಹಚ್ಚಿದವರು, ದೀಪಾವಳಿಗೆ ಆಕಾಶಬುಟ್ಟಿ ಏರಿಸುವವರು ನಾವೇ. ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲೇ ವಿದ್ಯುತ್ ದೀಪ ಉರಿಯಿತು. ಕೃಷ್ಣರಾಜಸಾಗರದ ಕೆಳಗೆ ಕಾಶ್ಮೀರದ ಶಾಲಿಮಾರಿನ ಮಾದರಿಯಲ್ಲಿ ಹಂತಹಂತವಾಗಿ ಇಳಿಯುವ ಬೃಂದಾವನವನ್ನು ಕಟ್ಟಿದಾಗ ಕಾರಂಜಿಯ ನೀರಿಗೆ ಬಣ್ಣದ ಬೆಳಕನ್ನು ಕೂಡಿಸಿದರು. ಮೈಸೂರು ಅರಮನೆಯ ಗೆರೆಗೆರೆಯನ್ನೂ ಸುಮಾರು 97 ಸಾವಿರ ಬಲ್ಬುಗಳು ಬರೆದು ತೋರಿಸುತ್ತವೆ. ಅಂಥ ಬೆಳಕನ್ನು ಕಂಡು ಬಂದ ಮಗು ತನ್ನ ಮನೆಯ ಬೇವಿನ ಗಿಡದಲ್ಲೂ ನಾಲ್ಕು ಮಿಂಚು ಕೇಳಿದರೆ ಆ ಆಸೆಗೆ ಬೆಲೆ ಕೊಡಬೇಕು.

ಕತ್ತಲೆಯ ಪರ

ಕಾಕಾ ಹೇಳಿದ ‘ಗಿಡದ ನಿದ್ದೆ’ ಬರಿಯ ಹಿರಿಯರ ನಂಬಿಕೆಯೇ? ಸೇವಂತಿಗೆಯ ಮಟ್ಟಿಗಂತೂ ಅದು ಲೆಕ್ಕಕ್ಕೆ ಸಿಕ್ಕ ಸತ್ಯ. ರಾತ್ರಿ ಉದ್ದವಾದಾಗಲೇ ಮೊಗ್ಗು ಕಟ್ಟುವ ಗಿಡ ಅದು. ನಡುರಾತ್ರಿ ಕೆಲ ಹೊತ್ತು ಬೆಳಕು ಬಿದ್ದರೂ ಒಂದು ದೀರ್ಘ ರಾತ್ರಿ ಅದರ ಪಾಲಿಗೆ ಎರಡು ಗಿಡ್ಡ ರಾತ್ರಿಯಾಗಿಬಿಡುತ್ತದೆ, ಮೊಗ್ಗು ಮುಂದಕ್ಕೆ ಹೋಗುತ್ತದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬು ಉರಿಯುವುದು ಕಾಣುತ್ತದೆ. ರೈತರು ಬೇಕೆಂದೇ ಹೂವನ್ನು ತಡೆದು, ಕಾಂಡ ಎತ್ತರಕ್ಕೆ ಬಿಟ್ಟು, ಪೇಟೆಯ ಹೊತ್ತಿಗೆ ಸರಿಯಾಗಿ ಅರಳಿಸುತ್ತಾರೆ. ಅವರು ತಿಳಿದು ಮಾಡುವುದನ್ನು ನಾವು ತಿಳಿಯದೆ ಮಾಡಿದರೆ, ಅಲಂಕಾರದ ದೀಪದ ಪಕ್ಕದಲ್ಲೇ ಅಲಂಕಾರದ ಹೂ ಬಿಡದೆ ನಿಲ್ಲುತ್ತದೆ.

ಇನ್ನು ಕೆಲವು ಹೂಗಳು ರಾತ್ರಿಗೆಂದೇ ಹುಟ್ಟಿದವು. ಪಾರಿಜಾತ, ರಾತ್ರಿರಾಣಿ, ಸುಗಂಧರಾಜ, ಸಂಜೆ ಬಿರಿಯುವ ಮಲ್ಲಿಗೆ: ಇವೆಲ್ಲ ಕತ್ತಲಲ್ಲಿ ಹಾರುವ ಪತಂಗಗಳನ್ನು ಬಿಳುಪಿನಿಂದ, ವಾಸನೆಯಿಂದ ಕರೆಯುವ ಹೂಗಳು. ಪ್ರಖರ ಬೆಳಕು ಹಾಕಿದರೆ ಪತಂಗ ಹೂ ಬಿಟ್ಟು ಬಲ್ಬು ಸುತ್ತುತ್ತದೆ. ಮಳೆಗಾಲದ ಮೊದಲ ವಾರ ಬಿಳಿ ಟ್ಯೂಬಿನ ಕೆಳಗೆ ರೆಕ್ಕೆ ಉದುರಿಸಿಕೊಂಡು ರಾಶಿ ಬೀಳುವ ಹುಳುಗಳನ್ನು ಯಾರು ನೋಡಿಲ್ಲ? ಹುಳು ಬಂದಲ್ಲಿ ಹಲ್ಲಿ, ಕಪ್ಪೆ. ಕಪ್ಪೆ ಬಂದಲ್ಲಿ ಅದನ್ನು ತಿನ್ನುವ ‘ಹುಳ’ವೂ ಬರಬಹುದು. ಹಾವಿನ ಭಯಕ್ಕೆ ಹಾಕಿದ ದೀಪವೇ ಹಾವಿನ ಊಟದ ಗಂಗಾಳವಾದೀತೆಂಬುದು ಕತ್ತಲೆಯ ಪಕ್ಷದ ಗಟ್ಟಿ ವಾದ.

ಕಣ್ಣಿನ ಮಾತೂ ಇದೆ. ಕತ್ತಲಿಗೆ ಕಣ್ಣು ಪೂರಾ ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಎದುರಿಗೆ ಬಂದು ಹೊಡೆಯುವ ಒಂದು ಫೋಕಸ್ ಲೈಟು ಆ ಹೊಂದಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಅದರ ಆಚೆಗಿನ ನೆರಳು ಇನ್ನೂ ಕಪ್ಪಾಗುತ್ತದೆ. ಪೊರೆ ಬಂದ ವಯಸ್ಸಾದ ಕಣ್ಣಿಗೆ ಈ ಕುಕ್ಕುವ ಬೆಳಕು ಹೆಚ್ಚು ಕಾಡುತ್ತದೆ. ಹಿರಿಯರಿಗೆ ಬೆಳಕು ಬೇಕು ನಿಜ, ಆದರೆ ಬಲ್ಬು ಕಾಣದ ಬೆಳಕು ಬೇಕು.

ನೆರೆಹೊರೆಯ ಹಕ್ಕೂ ಸಣ್ಣದಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಊರು ನಮ್ಮದು. ನಮ್ಮ ಬೇವಿನ ಗಿಡಕ್ಕೆ ಬಿಟ್ಟ ಬೆಳಕು ಪಕ್ಕದ ಮನೆಯ ಅಜ್ಜಿಯ ಮುಖದ ಮೇಲೆ ಬಿದ್ದರೆ ಅದು ನಮ್ಮ ಅಂಗಳದ ಮಾತಾಗಿ ಉಳಿಯುವುದಿಲ್ಲ. ಆ ಗಿಡದಲ್ಲಿ ಗೂಡು ಕಟ್ಟಿದ ಹಕ್ಕಿಗೂ ಅದೇ ಪಾಡು. ಮತ್ತೆ ಮೇಲೆ ನಕ್ಷತ್ರಗಳಿವೆ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲಾಕಾಶಕ್ಕೆಂದೇ ಮೀಸಲು ಪ್ರದೇಶ ಘೋಷಿಸಬೇಕಾಯಿತು. ಮಾಳಿಗೆಯ ಮೇಲೆ ಅಂಗಾತ ಮಲಗಿದರೆ ಆಕಾಶ ಇನ್ನೂ ಕಾಣುವ ಊರಿನವರು ಅದನ್ನು ಕೈಯಾರೆ ಅಳಿಸಿಕೊಳ್ಳಬೇಕೇ?

ಬಿದರಿಯ ಪಾಠ

ಇಲ್ಲಿಯವರೆಗಿನ ವಾದ ಎಷ್ಟು ಬೆಳಕು ಎಂಬುದರ ಬಗ್ಗೆ. ಎಂಥ ಬೆಳಕು ಎಂದು ಕೇಳಿದಾಗ ಬಗೀಚೆಯ ಶೈಲಿ ನಡುವೆ ಬರುತ್ತದೆ. ಅದಕ್ಕೆ ನಮ್ಮ ಜಿಲ್ಲೆಯ ಬಿದರಿ ಕೆಲಸಕ್ಕಿಂತ ಒಳ್ಳೆಯ ಗುರು ನನಗೆ ಕಂಡಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಚಾಣದಿಂದ ಕೊರೆದು, ಬೆಳ್ಳಿ ಕೂಡಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಾಯಿಸುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಯಲ್ಲೂ ಎರಡು ದಾರಿ. ತಾರಕಶಿಯಲ್ಲಿ ಕಪ್ಪು ನೆಲದ ಮೇಲೆ ಬೆಳ್ಳಿಯ ಎಳೆ ಮಾತ್ರ. ಅಫ್ತಾಬಿಯಲ್ಲಿ ಬೆಳ್ಳಿಯ ತಗಡೇ ಮೈಯೆಲ್ಲ ಹರಡಿ, ಹೂಬಳ್ಳಿ ಕಪ್ಪಿನಲ್ಲಿ ಮೂಡುತ್ತದೆ. ಒಂದು ಮೇಲು, ಇನ್ನೊಂದು ಕೀಳು ಎಂದು ಯಾವ ಕಸಬುದಾರನೂ ಹೇಳುವುದಿಲ್ಲ. ಎರಡರಲ್ಲೂ ಅವನು ಕಪ್ಪನ್ನು ಎಲ್ಲಿ ಬಿಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ. ಕಪ್ಪೇ ಇಲ್ಲದ ಬಿದರಿ ಬರಿಯ ತಗಡು.

ಬಗೀಚೆಗಳನ್ನು ಹೀಗೆ ನೋಡಿದರೆ ದೀಪದ ಆಯ್ಕೆ ಹಗುರಾಗುತ್ತದೆ. ತುಳಸಿ ಕಟ್ಟೆ, ದಾಸವಾಳ, ಕಣಗಿಲೆ, ಬಾವಿ ಇರುವ ಹಳೆಯ ಹಿತ್ತಲು ತಾರಕಶಿಯ ಜಾತಿ. ಅಲ್ಲಿ ಕಟ್ಟೆಯ ಗೂಡಿನಲ್ಲಿ ಪಣತಿ, ಬಾಗಿಲ ಪಕ್ಕ ತೂಗುವ ಕಂದೀಲಿನ ಆಕಾರದ ದೀಪ, ಮೊಣಕಾಲಿನ ಕೆಳಗೆ ಒಂದೆರಡು ಮಂದ ಬೆಳಕು ಸಾಕು. ನುಣುಪಾದ ಉಕ್ಕಿನ ಕಂಬದೀಪ ಅಲ್ಲಿ ನೆಂಟರಂತೆ ನಿಲ್ಲುತ್ತದೆ, ಮನೆಯವರಾಗುವುದಿಲ್ಲ.

ನಡುವೆ ನೀರು, ನಾಲ್ಕು ಪಾಲು, ಅಳತೆಯ ದಾರಿ ಇರುವ ಚಾರ್‌ಬಾಗ್ ಶೈಲಿಯ ತೋಟ ಇದಕ್ಕೆ ತದ್ವಿರುದ್ಧ. ಬೀದರಿನಲ್ಲಿ 1577ರಲ್ಲಿ ಕಟ್ಟಿದ ಅಲಿ ಬರೀದನ ಗೋರಿ ಅಂಥ ತೋಟದ ನಡುವೆ ನಾಲ್ಕೂ ಕಡೆ ಕಮಾನು ತೆರೆದು ನಿಂತಿದೆ. ಆ ರಚನೆಯ ಜೀವ ಸಮತೂಕದಲ್ಲಿದೆ. ಎಡಕ್ಕೆ ಒಂದು ದೀಪ ಇಟ್ಟರೆ ಬಲಕ್ಕೂ ಅಷ್ಟೇ ದೂರದಲ್ಲಿ ಒಂದು ಬೇಕು, ನೀರಿನಲ್ಲಿ ಪ್ರತಿಬಿಂಬ ಬೇಕು. ಈ ಮಾದರಿಯಲ್ಲಿ ಬಗೀಚೆ ಮಾಡಿದವರು ಹೆಚ್ಚು ದೀಪ ಕೇಳಿದರೆ ಅದು ಅತಿಯಲ್ಲ, ಅಫ್ತಾಬಿಯ ಲೆಕ್ಕ. ಬೃಂದಾವನ ಒಪ್ಪುವುದೂ ಇದೇ ಕಾರಣಕ್ಕೆ.

ಹುಲ್ಲುಹಾಸು, ಕಾಂಕ್ರೀಟಿನ ಕಟ್ಟೆ, ಪಾಮ್ ಗಿಡಗಳ ಹೊಸ ಕಾಲದ ತೋಟಕ್ಕೆ ಅಡಗಿದ ಬೆಳಕು ಚೆಂದ: ಮೆಟ್ಟಿಲ ಅಂಚಿನೊಳಗೆ, ಕಟ್ಟೆಯ ಕೆಳಗೆ, ದೀಪ ಕಾಣದಂತೆ. ಕಾಯಿಪಲ್ಲೆ ಮಡಿ, ನುಗ್ಗೆ, ನಿಂಬೆ, ಸೀತಾಫಲದ ಹಿತ್ತಲಿಗೆ ಅಲಂಕಾರದ ದೀಪವೇ ಬೇಡ. ಕೊಯ್ಯಲು ಹೋದಾಗ ಕೈಯಲ್ಲೊಂದು ಬ್ಯಾಟರಿ ಇದ್ದರಾಯಿತು.

ಗೋಡೆಯ ವಿಷಯದಲ್ಲಿ ಇನ್ನೊಬ್ಬ ಗುರು ಇಲ್ಲೇ ಹತ್ತಿರದಲ್ಲಿದ್ದಾಳೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯರ ಗುಡಿಯಲ್ಲಿ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ. ಬಿಸಿಲು ಎದುರಿನಿಂದ ಬಿದ್ದಾಗ ಉಬ್ಬುಶಿಲ್ಪ ಮಂಕಾಗುತ್ತದೆ, ಓರೆಯಾಗಿ ಬಿದ್ದಾಗ ನೆರಳು ಹುಟ್ಟಿ ಬಳೆ, ಬೆರಳು, ಅಕ್ಷರ ಎಲ್ಲ ಎದ್ದು ಬರುತ್ತವೆ. ಕೆಂಪು ಜಂಬಿಟ್ಟಿಗೆಯ ಕಾಂಪೌಂಡಿಗೂ ಅದೇ ಸೂತ್ರ. ಎದುರಿನಿಂದ ಫೋಕಸ್ ಹೊಡೆದರೆ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಯ ಬುಡಕ್ಕೆ ಒಂದು ಚಿಕ್ಕ ದೀಪ ಇಟ್ಟು ಬೆಳಕು ಮೇಲಕ್ಕೆ ಸವರಿಕೊಂಡು ಹೋಗುವಂತೆ ಮಾಡಿ, ಗೋಡೆಯ ತುದಿಯಲ್ಲಿ ನಿಲ್ಲಿಸಿದರೆ, ಕಲ್ಲಿನ ಒಂದೊಂದು ತೂತೂ ಚಿತ್ತಾರವಾಗುತ್ತದೆ.

ಬಣ್ಣವನ್ನು ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ನೋಡಬೇಕು. 2200ರಿಂದ 2700 ಕೆಲ್ವಿನ್ ಎಂದಿದ್ದರೆ ಎಣ್ಣೆದೀಪದ ಕಡೆಗೆ ವಾಲುವ ಹಳದಿ. 6500 ಎಂದಿದ್ದರೆ ‘ಕೂಲ್ ಡೇಲೈಟ್’, ನೀಲಿ ಬೆರೆತ ಬಿಳಿ. ಕೆಂಪು ಕಲ್ಲು, ಫರಸಿ, ಬೇವಿನ ತೊಗಟೆ ಹಳದಿಯಲ್ಲಿ ಬೆಚ್ಚಗೆ ಕಾಣುತ್ತವೆ, ನೀಲಿ ಬಿಳುಪಿನಲ್ಲಿ ಬೂದಿ ಬಳಿದಂತಾಗುತ್ತವೆ. ಹುಳುಗಳನ್ನು ಹೆಚ್ಚು ಎಳೆಯುವುದೂ ಆ ನೀಲಿ ಬಿಳುಪೇ. ಈ ಒಂದು ಆಯ್ಕೆಯಲ್ಲಿ ಮಾತ್ರ ಚೆಲುವಿನ ಪಕ್ಷ, ಕತ್ತಲೆಯ ಪಕ್ಷ ಎರಡೂ ಒಂದೇ ಕಡೆ ನಿಲ್ಲುತ್ತವೆ.

ತಂತಿಯೋ, ಬಿಸಿಲೋ

ಇನ್ನು ಖರ್ಚು, ಕೆಲಸ. ನಮ್ಮ ಸೀಮೆಗೆ ಬಿಸಿಲಿನ ಕೊರತೆ ಇಲ್ಲ. ಹಾಗಾಗಿ ಸೋಲಾರ್ ದೀಪದ ಪರ ಮಾತು ಬೇಗ ಹುಟ್ಟುತ್ತದೆ. ನೆಲ ಅಗೆಯಬೇಕಿಲ್ಲ, ಶಾಕ್ ಹೊಡೆಯುವ ಭಯವಿಲ್ಲ, ಕರೆಂಟ್ ಹೋದಾಗಲೂ ದಾರಿ ಕಾಣುತ್ತದೆ, ಮನಸ್ಸು ಬದಲಾದರೆ ಕಿತ್ತು ಬೇರೆ ಕಡೆ ಚುಚ್ಚಬಹುದು. ಆದರೆ ನೆಲಕ್ಕೆ ಚುಚ್ಚುವ ಸಣ್ಣ ಸೋಲಾರ್ ದೀಪಗಳ ಬೆಳಕು ದಾರಿಯ ಗುರುತು ಹೇಳುವಷ್ಟೇ ಇರುತ್ತದೆ, ಹಾವು ಕಾಣುವಷ್ಟಲ್ಲ. ಬೇವಿನ ನೆರಳಲ್ಲಿಟ್ಟರೆ ಅವು ಚಾರ್ಜೇ ಆಗುವುದಿಲ್ಲ. ಮೋಡ ಕವಿದ ಮಳೆಗಾಲದಲ್ಲಿ ಒಂಬತ್ತಕ್ಕೇ ಕಣ್ಣು ಮುಚ್ಚುತ್ತವೆ. ತಟ್ಟೆಯ ಮೇಲಿನ ಧೂಳು ಆಗಾಗ ಒರೆಸಬೇಕು, ಕೆಲ ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು.

ತಂತಿಯ ದೀಪ ನಂಬಿಕಸ್ತ, ಬೆಳಕೂ ಬೇಕಾದಷ್ಟು. ಅದಕ್ಕೆ ತಕ್ಕ ಎಚ್ಚರವೂ ಬೇಕು. ಹೊರಗೆ ಇಡುವ ದೀಪದ ಮೇಲೆ ‘ಐಪಿ 65’ ಎಂದಿರಲಿ, ಧೂಳು ಮತ್ತು ಜೋರು ನೀರು ಎರಡನ್ನೂ ಅದು ತಡೆಯುತ್ತದೆ. ಬಗೀಚೆಯ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು, ಒದ್ದೆ ನೆಲದಲ್ಲಿ ಬರಿಗಾಲಿನ ಮಗು ಓಡಾಡುವ ಜಾಗ ಅದು. ಸಾಧ್ಯವಾದರೆ 12 ವೋಲ್ಟಿನ ದೀಪ ಹಾಕಿದರೆ ಇನ್ನೂ ನಿಶ್ಚಿಂತೆ. ನಮ್ಮ ಜಿಲ್ಲೆಯ ಕರಿಮಣ್ಣಿನದು ಬೇರೆಯೇ ಸ್ವಭಾವ: ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಡುತ್ತದೆ. ಆಳವಾಗಿ ಅಡಿಪಾಯ ಕೊಡದ ಕಂಬದೀಪ ಎರಡು ವರ್ಷದಲ್ಲಿ ವಾಲುತ್ತದೆ, ಪೈಪಿಲ್ಲದೆ ಹೂತ ವೈರು ಎಳೆತಕ್ಕೆ ಸಿಗುತ್ತದೆ. ಕೆಂಪು ಕಲ್ಲಿನ ನೆಲದಲ್ಲಿ ಆ ತೊಂದರೆ ಇಲ್ಲ, ಅಗೆಯುವುದೇ ಕಷ್ಟ.

ಲೆಕ್ಕ ಹೀಗಿದೆ. ವೈನಿಯ ಪಟ್ಟಿಯ ಹನ್ನೆರಡು ದೀಪ ತಲಾ 7 ವಾಟ್, ಸಂಜೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು 12.6 ಯೂನಿಟ್. ಬೇವಿನ ಗಿಡಕ್ಕೆ 50 ವಾಟಿನ ಒಂದೇ ಒಂದು ಫೋಕಸ್ ಲೈಟು ರಾತ್ರಿಯಿಡೀ ಹನ್ನೊಂದು ಗಂಟೆ ಉರಿದರೆ 16.5 ಯೂನಿಟ್. ಹನ್ನೆರಡು ದೀಪ ಸೇರಿ ತಿನ್ನದ್ದನ್ನು ಅದೊಂದೇ ತಿನ್ನುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಕರೆಂಟ್ ಸಿಗುವುದು ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು, ಅದೂ 200 ಯೂನಿಟ್ಟಿನ ಒಳಗೆ. ತಿಂಗಳಿಗೆ 90 ಯೂನಿಟ್ ಬಳಸುತ್ತಿದ್ದ ಮನೆಗೆ 99ರವರೆಗೆ ಅವಕಾಶ. ಮೇಲಿನ ಎರಡೂ ಸೇರಿದರೆ ಆ ಗೆರೆ ದಾಟಿ ಹೋಗುತ್ತದೆ. ಎಲ್‌ಇಡಿ ಅಗ್ಗ ಎಂಬ ಬೆಳಕಿನ ಪಕ್ಷದ ಮಾತು ಸಂಜೆಯ ಮಟ್ಟಿಗೆ ಸರಿ. ಬೆಳಗಿನತನಕ ಉರಿಸಿದರೆ ಸರಿಯಲ್ಲ.

ತೂಗಿ ನೋಡಿದರೆ

ಎರಡು ಪಕ್ಷವೂ ಒಂದೊಂದು ವಿಷಯದಲ್ಲಿ ಗೆದ್ದಿವೆ ಎಂದು ನನಗನ್ನಿಸುತ್ತದೆ. ಕಾಲಿಡುವ ಜಾಗದಲ್ಲಿ ಬೆಳಕಿನ ಪಕ್ಷದ ಮಾತೇ ನಡೆಯಬೇಕು. ಅಲ್ಲಿ ಶೈಲಿಯ ನೆಪ ಹೇಳಿ ಕತ್ತಲೆ ಉಳಿಸುವುದು ತಪ್ಪು. ಮೊಣಕಾಲಿನ ಮೇಲೆ, ಎಲೆ, ಹೂ, ಆಕಾಶದ ಕಡೆಗೆ ಕತ್ತಲೆಯ ಪಕ್ಷಕ್ಕೆ ಮಣಿಯಬೇಕು. ಹಬ್ಬ, ಮದುವೆ, ಜಾತ್ರೆಯ ದಿನ ಈ ಗೆರೆ ಅಳಿಸಿಹೋಗಲಿ. ವರ್ಷವೆಲ್ಲ ಉರಿಯುವ ಸೀರಿಯಲ್ ಸೆಟ್ಟಿಗೆ ದೀಪಾವಳಿಯ ದಿನ ಹೇಳಲು ಏನೂ ಉಳಿದಿರುವುದಿಲ್ಲ. ಕತ್ತಲಾಕಾಶದ ಪರ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಡಾರ್ಕ್‌ಸ್ಕೈ, ಬೆಳಕಿನ ಎಂಜಿನಿಯರುಗಳ ಸಂಘದ ಜೊತೆ ಕೂಡಿ 2020ರಲ್ಲಿ ಹೇಳಿದ ಐದು ಸೂತ್ರವೂ ಇದಕ್ಕೆ ಹತ್ತಿರವೇ ಇದೆ: ಕೆಲಸವಿದ್ದಲ್ಲಿ, ಬೇಕಾದ ಜಾಗಕ್ಕಷ್ಟೇ, ಬೇಕಾದಷ್ಟೇ ಮಂದವಾಗಿ, ಬೇಕಾದ ಹೊತ್ತಿಗೆ, ಬೆಚ್ಚನೆಯ ಬಣ್ಣದಲ್ಲಿ. ಬೆಳಕು ಮಾಡುವವರೂ ಕತ್ತಲೆ ಕಾಯುವವರೂ ಕೂತು ಒಪ್ಪಿದ ಮಾತು ಅದು.

ನಮ್ಮ ಮನೆಯ ಪಟ್ಟಿಯೂ ಹಾಗೇ ತಿದ್ದಿಕೊಂಡಿತು. ಹನ್ನೆರಡು ಕಂಬದೀಪ ಐದಾದವು, ದಾರಿಯ ಒಂದೇ ಬದಿಗೆ, ಮೊಣಕಾಲೆತ್ತರಕ್ಕೆ, ತಲೆಗೆ ಟೊಪ್ಪಿಗೆ ಇರುವಂಥವು, 2700 ಕೆಲ್ವಿನ್ನಿನವು. ಹೊಲದ ಕಡೆಯ ಹಿಂಬಾಗಿಲಿಗೆ ಯಾರಾದರೂ ಸುಳಿದಾಗ ಮಾತ್ರ ಹತ್ತುವ ಸೆನ್ಸರ್ ದೀಪ. ಕಾಂಪೌಂಡಿನ ಬುಡಕ್ಕೆ ಎರಡು ಓರೆದೀಪ. ಸೇವಂತಿಗೆ ಮಡಿಯ ಕಡೆ ಏನೂ ಇಲ್ಲ. ಸೀರಿಯಲ್ ಸೆಟ್ಟು ಪೆಟ್ಟಿಗೆಯಲ್ಲಿ ದೀಪಾವಳಿಗೆ ಕಾಯುತ್ತಿದೆ. ತುಳಸಿಯ ಗೂಡಿನಲ್ಲಿ ವೈನಿಯ ಪಣತಿ ಮೊದಲಿನಂತೆಯೇ.

ರಾತ್ರಿ ಹತ್ತಾದ ಮೇಲೆ ಕಾಕಾ ಕೂಸಿಗೆ ಕರೆದು ಹೇಳುತ್ತಾರೆ: “ಹೋಗಪ್ಪಾ, ದೀಪ ಆರಿಸಿ ಬಾ.” ವೈನಿ ಅಂಗಡಿಯಲ್ಲಿ ಅರ್ಧ ದಿನ ನಿಂತು ದೀಪ ಆರಿಸಿದ್ದರು. ಈಗ ಮಗ ಸ್ವಿಚ್ಚಿಗೆ ಕೈ ಚಾಚಿ ಅವನ್ನೇ ಆರಿಸುತ್ತಾನೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಎರಡೂ ಒಂದೇ ಕೆಲಸದ ಎರಡು ಭಾಗ ಎಂಬುದು ನನಗೆ ಈ ಬಗೀಚೆಯಿಂದ ತಿಳಿಯಿತು. ದೀಪ ಆರಿದ ಮೇಲೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಮೊದಲು ಪಾರಿಜಾತದ ವಾಸನೆ ಬರುತ್ತದೆ, ಆಮೇಲೆ ಬೇವಿನ ಗಿಡದ ಆಕಾರ, ಆಮೇಲೆ ಅದರ ಮೇಲಿನ ಚುಕ್ಕಿಗಳು. ಬೆಳಿಗ್ಗೆ ಬಾಗಿಲು ತೆಗೆದರೆ ಐದು ದೀಪಗಳ ಟೊಪ್ಪಿಗೆಯ ಮೇಲೂ ಹೂ ಬಿದ್ದಿರುತ್ತವೆ.